ಮುಂಗಡ ಕೊಡುವ ಕೈ

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಸೀಬಿ ಇದೆ. ಅಲ್ಲಿಯ ನರಸಿಂಹಸ್ವಾಮಿ ಗುಡಿಯನ್ನು ಕಟ್ಟಿಸಿದವರು ಕಚೇರಿ ಕೃಷ್ಣಪ್ಪನವರ ಮೂವರು ಮಕ್ಕಳು: ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ. ಚಾವಣಿಯ ವರ್ಣಚಿತ್ರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ನನಗೆ ಮಾತ್ರ ಚಿತ್ರಗಳಿಗಿಂತ ಸ್ಥಳಪುರಾಣವೇ ಹೆಚ್ಚು ಇಷ್ಟ. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೊರಟಿದ್ದ ಒಬ್ಬ ವರ್ತಕ ಅಲ್ಲಿ ತಂಗಿದನಂತೆ. ಒಲೆ ಹೂಡಿ ಸಾಮೆ ಅನ್ನಕ್ಕಿಟ್ಟರೆ, ಕುದಿಯುತ್ತಿದ್ದ ಅನ್ನ ರಕ್ತದ ಬಣ್ಣಕ್ಕೆ ತಿರುಗಿತಂತೆ. ಎಚ್ಚರ ತಪ್ಪಿ ಬಿದ್ದವನಿಗೆ ನರಸಿಂಹ ಕಾಣಿಸಿಕೊಂಡು, ಇದು ನನ್ನ ನೆಲೆ, ಇಲ್ಲಿ ಗುಡಿ ಕಟ್ಟಿಸು ಅಂದನಂತೆ. ಹುತ್ತಕ್ಕೆ ಹಾಲು ಸುರಿಸುವ ಹಸು, ಅದನ್ನು ಕಂಡ ದನಗಾಹಿ, ಈ ಕಥೆ ನಮ್ಮಲ್ಲಿ ಊರೂರಿಗೂ ಇದೆ. ಹೇರಿನೆತ್ತಿನ ವ್ಯಾಪಾರಿಗೆ ಕಾಣಿಸಿಕೊಂಡ ದೇವರು ಅಪರೂಪ. ಆ ಧಾನ್ಯಕ್ಕೆ ಹಾಕಿದ ದುಡ್ಡು ಯಾರದು, ಮನೆಯಲ್ಲಿ ಇದ್ದುದನ್ನು ಉಂಡುಕೊಂಡಿರದೆ ಅವನು ಯಾಕೆ ಹೊರಟ, ಮಾಲು ಕೆಟ್ಟಿದ್ದರೆ ನಷ್ಟ ಯಾರ ತಲೆಗೆ ಬರುತ್ತಿತ್ತು, ಇದೊಂದನ್ನೂ ಪುರಾಣ ಹೇಳುವುದಿಲ್ಲ. ಗ್ರಾಮೀಣ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಲೇ ತಲೆ ನರೆಸಿಕೊಂಡ ನನ್ನಂಥವನಿಗೆ ಮೊದಲು ಹುಟ್ಟುವ ಪ್ರಶ್ನೆಗಳು ಅವೇ.

ನಾನು ಮದಲೂರಿನವನು. ಶಿರಾ ತಾಲ್ಲೂಕಿನ ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ಕೆರೆಯಿಂದ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಭರವಸೆ ಟಿವಿಯಲ್ಲಿ ಎಷ್ಟು ಸಲ ಬಂತೆಂದರೆ, ಬೆಂಗಳೂರಿನ ನೆಂಟರು ಫೋನು ಮಾಡಿ ನಮ್ಮನ್ನು ಬಿಟ್ಟು ಕೆರೆಯ ಯೋಗಕ್ಷೇಮ ವಿಚಾರಿಸತೊಡಗಿದರು. ಶಿರಾ, ಪಾವಗಡಗಳಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಹೇಳಿಕೇಳಿ ಬರುವುದಿಲ್ಲ. ಹಾಗಾಗಿ ನಮ್ಮ ಕಡೆಯವರು ಯಾಕೆ ಅಂಗಡಿ ಇಟ್ಟರು, ಯಾಕೆ ಗಾಣ ಹಾಕಿದರು, ಯಾಕೆ ಪರಊರಿನಲ್ಲಿ ಹೋಟೆಲು ತೆರೆದರು ಎಂದು ಯಾರನ್ನೇ ಕೇಳಿ, ಉತ್ತರ ಒಂದೇ: ಬರ. ಸುಳ್ಳೇನಲ್ಲ. ಆದರೆ ಬರ ಊರಿಗೆಲ್ಲ ಬಂತು, ಅಂಗಡಿ ತೆರೆದವರು ನಾಲ್ಕೇ ಜನ. ಉಳಿದವರು ಕೂಲಿಗೆ ಹೋದರು, ಗುಳೆ ಹೋದರು, ಇಲ್ಲ ಆಕಾಶ ನೋಡುತ್ತ ಕೂತರು. ಆ ನಾಲ್ಕು ಜನರಲ್ಲಿ ಏನಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ಎದುರಾಗುವುದು ಮುಂಗಡದ ವ್ಯವಹಾರ. ಬೆಳೆಗೆ, ಬಟ್ಟೆಗೆ, ಮೈಗೆ, ಎಲ್ಲದಕ್ಕೂ ಮುಂಗಡ ಈಸಿಕೊಂಡೇ ಬದುಕಿದ ಸೀಮೆ ನಮ್ಮದು. ಈಸಿಕೊಂಡು ಈಸಿಕೊಂಡು ರೋಸಿದವನು, ಒಂದು ದಿನ ನಾನೂ ಕೊಡುವವನಾಗಬೇಕು ಎಂದು ಎದ್ದು ನಿಂತಾಗ ಇಲ್ಲಿ ಹೊಸ ವ್ಯಾಪಾರ ಹುಟ್ಟಿದೆ.

ಹಾಗೆಂದು ಇದು ಮೊದಲಿನಿಂದಲೂ ಬಡ ಸೀಮೆಯಾಗಿರಲಿಲ್ಲ. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕ ಶಿರಾ ಕೋಟೆ ಕಟ್ಟಲು ಕೈಹಾಕಿದ. ಅದು ಮುಗಿಯುವ ಮೊದಲೇ ಬಿಜಾಪುರದವರು ಬಂದು ಊರನ್ನು ಹಿಡಿದರು. 1687ರಲ್ಲಿ ಮೊಗಲರು ತುಂಗಭದ್ರೆಯ ದಕ್ಷಿಣಕ್ಕೆ ತಮ್ಮ ಸುಬಾದ ರಾಜಧಾನಿಯನ್ನಾಗಿ ಶಿರಾವನ್ನೇ ಆರಿಸಿಕೊಂಡರು. ಬಸವಾಪಟ್ಟಣದಿಂದ ಕೋಲಾರದವರೆಗೆ ಏಳು ಪರಗಣಗಳು ಇಲ್ಲಿಗೆ ಲೆಕ್ಕ ಒಪ್ಪಿಸುತ್ತಿದ್ದವು. ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಊರಲ್ಲಿ 50,000 ಮನೆಗಳಿದ್ದವೆಂದು ಆಮೇಲಿನವರು ಹೇಳಿಕೊಂಡರು. ಹಳೆಯ ವೈಭವದ ಲೆಕ್ಕಕ್ಕೆ ಒಂದು ಸೊನ್ನೆ ಹೆಚ್ಚು ಬೀಳುವುದು ಲೋಕರೂಢಿ, ಅದನ್ನು ಬಿಟ್ಟುಕೊಂಡೇ ನೋಡಿದರೂ ದೊಡ್ಡ ಊರೇ. ಸುಬೇದಾರನ ದರ್ಬಾರು, ಸೈನ್ಯ, ಮನೆವಾರ್ತೆ ಇದ್ದ ಕಡೆ ಬಟ್ಟೆ ಬೇಕು, ಜೀನು ಬೇಕು, ಅತ್ತರು ಬೇಕು, ಅಡಿಕೆ ಬೇಕು. ಶಿರಾದ ಅಚ್ಚು ಹಾಕಿದ ಚೀಟಿ ಬಟ್ಟೆಗೆ ಹೆಸರಿತ್ತು.

ಅರಸರಿಗೆ ವ್ಯಾಪಾರಿ ಬೇಕಾದಾಗ ಅವನ ಮನಸ್ಸನ್ನು ಕೇಳುವ ಪದ್ಧತಿ ಇರಲಿಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಪೇಟೆಯನ್ನು ಬೆಳೆಸಲು ಟಿಪ್ಪು ಶಿರಾದಿಂದ 12,000 ಮನೆತನಗಳನ್ನು ಎಬ್ಬಿಸಿ ಕರೆಸಿಕೊಂಡನೆಂದು ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಉದ್ಯಮಿಗಳನ್ನು ಸೆಳೆಯಲು ಇವತ್ತಿನ ಸರ್ಕಾರಗಳು ಜಮೀನು, ತೆರಿಗೆ ರಿಯಾಯಿತಿ ಅನ್ನುತ್ತವೆ. ಆಗ ಗಾಡಿ ಕಟ್ಟಿ ಎಂದರೆ ಮುಗಿಯಿತು. ಹೋದವರು ಅಲ್ಲಿ ಏನಾದರೋ, ಇಲ್ಲಿ ಶಿರಾ ಖಾಲಿಯಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಇಂಪೀರಿಯಲ್ ಗೆಜೆಟಿಯರ್ ಬರುವ ಹೊತ್ತಿಗೆ ಚೀಟಿ ಬಟ್ಟೆಯ ಕಸುಬು ಹೆಚ್ಚುಕಡಿಮೆ ಸತ್ತಿತ್ತು. ಉಳಿದದ್ದು ಕುರುಬರ ಕಂಬಳಿ, ಜೊತೆಗೆ ಒಂದಿಷ್ಟು ಅರಗು.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದ. ಮಧುಗಿರಿ, ಶಿರಾ, ಗುಬ್ಬಿ ಎಲ್ಲ ಕಡೆ ಕೂತು ಯಾರು ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ, ಎಷ್ಟಕ್ಕೆ ಮಾರುತ್ತಾರೆ ಎಂದು ಕೇಳಿ ಬರೆದುಕೊಂಡ. ಮಧುಗಿರಿ, ಚನ್ನರಾಯನದುರ್ಗದ ಕಡೆ ಮಳೆ ನೀರು ಬೆಟ್ಟದಿಂದ ಇಳಿಸಿ ತರುವ ಕರಿ ಮರಳನ್ನು ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದುದು ಅವನ ಪುಸ್ತಕದಲ್ಲಿದೆ. ಗುಬ್ಬಿಯಲ್ಲಿ 150ಕ್ಕೂ ಹೆಚ್ಚು ಅಂಗಡಿ ಎಣಿಸಿದ. ಅವನ ಪುಸ್ತಕ ಓದುವಾಗ ನನ್ನ ಕಣ್ಣು ನಿಂತದ್ದು ಬೆಂಗಳೂರಿನ ನೇಕಾರರ ವಿಷಯದಲ್ಲಿ. ವ್ಯಾಪಾರವಿಲ್ಲದ ಮಳೆಗಾಲದಲ್ಲಿ ಹೊಟ್ಟೆಪಾಡಿಗೆ ವರ್ತಕರಿಂದ ದುಡ್ಡು ಎತ್ತುವುದು, ಆಮೇಲೆ ನೇಯ್ದ ಬಟ್ಟೆಯನ್ನು ಅವರಿಗೇ ಒಪ್ಪಿಸುವುದು. ನೂಲು ಮಗ್ಗಕ್ಕೆ ಏರುವ ಮೊದಲೇ ಬಟ್ಟೆ ಇನ್ನೊಬ್ಬನದಾಗಿರುತ್ತದೆ. ಹೆಸರುಗಳನ್ನು ಬದಲಾಯಿಸಿದರೆ ನಾನು ಕಂಡ ಶಿರಾ ಸೀಮೆಯ ಕಂಬಳಿ ಮನೆಗಳ ಕಥೆಯೂ ಅದೇ.

ಕಂಬಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಗುಟ್ಟು ಅದರ ಹವಾಮಾನದಲ್ಲಿದೆ. ಕುರಿಯ ಉಣ್ಣೆ ಕತ್ತರಿಸುವುದು ವರ್ಷಕ್ಕೆ ಎರಡು ಸಲ. ಮರಿಯ ಮೊದಲ ಉಣ್ಣೆ ಮೆತ್ತಗಿರುತ್ತದೆ, ಅದಕ್ಕೆ ಬೆಲೆ ಹೆಚ್ಚು. ಕಸ ಆರಿಸಿ, ಬಿಲ್ಲಿನಿಂದ ಎಕ್ಕಿ, ಹಂಜಿ ಮಾಡಿ ಹೆಂಗಸರ ಕೈಗೆ ಕೊಟ್ಟರೆ ಅವರು ರಾಟೆಯಲ್ಲಿ ನೂಲುತ್ತಾರೆ. ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಹುಣಸೆಬೀಜದ ಗಂಜಿ ಹಾಕಬೇಕು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದ ಮಂದ ಗಂಜಿ ಅದು. ದೊಡ್ಡ ಕುಂಚದಿಂದ ಎಳೆ ಎಳೆಗೂ ಹತ್ತಿಸುತ್ತ ಹೋಗುವವನ ಮೊಣಕೈವರೆಗೂ ಅಂಟು. ಗಂಜಿ ಚೆನ್ನಾಗಿ ಕುಡಿದ ಹಾಸು ಬಿಸಿಲಲ್ಲಿ ಒಣಗಿ ತಂತಿಯಂತೆ ಬಿರುಸಾದರೇ ಗುಂಡಿಮಗ್ಗದಲ್ಲಿ ಎಳೆ ಕಡಿಯದೆ ನಿಲ್ಲುವುದು. ಮೋಡ ಮುಚ್ಚಿದರೆ ಕೆಲಸ ನಿಂತಿತು. ಅಂದರೆ ಕಂಬಳಿ ಸಲೀಸಾಗಿ ತಯಾರಾಗುವುದು ಬೇಸಿಗೆಯಲ್ಲಿ, ಜನಕ್ಕೆ ಅದು ಬೇಕಾಗುವುದು ಮಳೆಗೂ ಚಳಿಗೂ. ನಡುವೆ ಎರಡು ಮೂರು ತಿಂಗಳು ಯಾರಾದರೂ ಆ ಕಂಬಳಿಗಳನ್ನು ಮಡಿಸಿ ಇಟ್ಟುಕೊಂಡು ಕಾಯಬೇಕು. ನೇಯ್ದವನಿಗೆ ಕಾಯುವ ಶಕ್ತಿ ಇಲ್ಲ; ಅವನ ಮನೆಯ ರಾಗಿ ಬೇಸಿಗೆಗೇ ಮುಗಿದಿರುತ್ತದೆ. ಕಾಯುವ ಶಕ್ತಿ ಇದ್ದವನು ಉಣ್ಣೆಗೆ ಮುಂಗಡ ಕೊಟ್ಟು, ಬೇಸಿಗೆಯಲ್ಲಿ ಮಾಲು ಎತ್ತಿ, ಮಳೆಗಾಲಕ್ಕೆ ಮಾರುತ್ತಾನೆ. ಮಗ್ಗದ ಮುಂದೆ ಒಂದು ದಿನವೂ ಕೂರದವನು ಕಂಬಳಿಯಲ್ಲಿ ಹೆಚ್ಚು ಸಂಪಾದಿಸಿದ್ದು ಹೀಗೆ.

ಇದರಲ್ಲಿ ಅವನದೇನೂ ಮೋಸ ಎಂದು ನಾನು ಹೇಳುವುದಿಲ್ಲ. ಕಾಯುವುದೂ ಒಂದು ಕೆಲಸವೇ, ನುಸಿ ಹಿಡಿದರೆ ಅವನಿಗೇ ನಷ್ಟ. ಆದರೆ ಕುರುಬರ ಹಟ್ಟಿಗಳಲ್ಲಿ ಚುರುಕಾದ ಹುಡುಗರು ಈ ಲೆಕ್ಕವನ್ನು ಬಹಳ ಬೇಗ ಅರ್ಥ ಮಾಡಿಕೊಂಡಿದ್ದರು. ಅಪ್ಪನಿಗಿಂತ ಚೆನ್ನಾಗಿ ನೇಯಬೇಕೆಂಬ ಆಸೆ ಅವರಲ್ಲಿ ಕಾಣಲಿಲ್ಲ. ಉಣ್ಣೆ ಕೊಂಡು ನಾಲ್ಕು ಮನೆಗೆ ಹಂಚುವವರಾಗಬೇಕೆಂಬ ಆಸೆ ಇತ್ತು. ಉಣ್ಣೆ ನೇಕಾರರ ಸಹಕಾರ ಸಂಘಗಳು ಬಂದಾಗಲೂ ಕಾರ್ಯದರ್ಶಿ ಸ್ಥಾನಕ್ಕೆ ನಡೆದ ಜಗಳ ಮಗ್ಗಕ್ಕಾಗಿ ನಡೆಯಲಿಲ್ಲ. ಕುರಿಯನ್ನು ಉಣ್ಣೆಗಿಂತ ಮಾಂಸಕ್ಕೆ ಸಾಕುವ ಕಾಲ ಬಂದ ಮೇಲೆ, ಗಿರಣಿಯ ಹೊದಿಕೆ ಅಗ್ಗವಾದ ಮೇಲೆ, ಕರಿ ಕಂಬಳಿ ಹೆಚ್ಚಾಗಿ ಉಳಿದದ್ದು ಮದುವೆ ಮನೆಗೆ ಮತ್ತು ದೇವರ ಗದ್ದುಗೆಗೆ. ಕಳ್ಳಂಬೆಳ್ಳದ ಕಡೆ ಜುಂಜಪ್ಪನ ಗುಡ್ಡಕ್ಕೆ ಹೋಗುವ ಕಾಡುಗೊಲ್ಲರು ಇವತ್ತಿಗೂ ಗಿರಣಿ ಕಂಬಳಿಯನ್ನು ದೇವರ ಕೆಳಗೆ ಹಾಸಲು ಒಪ್ಪುವುದಿಲ್ಲ. ನೇಕಾರನಿಗೆ ಜುಂಜಪ್ಪನೇ ಗಟ್ಟಿ ಗಿರಾಕಿ.

ಬರದ ಮಾತಿಗೆ ಬರೋಣ. 1876ರಿಂದ 1878ರ ಮಹಾಕ್ಷಾಮದ ಪೆಟ್ಟು ಜನಗಣತಿಯಲ್ಲೇ ಕಾಣುತ್ತದೆ: 1871ರಲ್ಲಿ 50 ಲಕ್ಷ 55 ಸಾವಿರ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಅಂಥ ಬರ ಯಾರನ್ನೂ ಉದ್ಯಮಿ ಮಾಡುವುದಿಲ್ಲ, ಹೂಳುತ್ತದೆ. ಜನರನ್ನು ಅತ್ತಿತ್ತ ಮಾಡಿದ್ದು ಅದರ ಹಿಂದೆಯೇ ಬಂದ ರೈಲು. ಬೆಂಗಳೂರಿನಿಂದ ತುಮಕೂರು, ಗುಬ್ಬಿಯವರೆಗೆ 1884ರಲ್ಲಿ ರೈಲು ಓಡಿತು, 1889ರಲ್ಲಿ ಹರಿಹರ ಮುಟ್ಟಿತು. ಹಳಿ ತಿಪಟೂರು, ಅರಸೀಕೆರೆಗಳನ್ನು ಹಾದು ಹೋಯಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಬದಿಗೆ ಉಳಿದವು. ತಿಪಟೂರಿನ ಕೊಬ್ಬರಿ ದೇಶಕ್ಕೆಲ್ಲ ಹೋಯಿತು. ನಮ್ಮ ಕಡೆಯ ಮಾಲು ತುಮಕೂರಿಗೋ ಹಿಂದೂಪುರಕ್ಕೋ ಗಾಡಿಯಲ್ಲಿ ಹೋಗಬೇಕು, ಹೋಗುವವನು ಅಲ್ಲಿನ ಮಂಡಿಯವನು ಹೇಳಿದ ಬೆಲೆಗೆ ಒಪ್ಪಬೇಕು. ಸುಬಾದ ರಾಜಧಾನಿಯಾಗಿದ್ದ ಊರು ಮಂಡಿಯ ಮುಂದೆ ಕೈಕಟ್ಟಿ ನಿಂತದ್ದು ಆ ಕಾಲದಲ್ಲಿ. ತುಮಕೂರು–ರಾಯದುರ್ಗ, ತುಮಕೂರು–ದಾವಣಗೆರೆ ರೈಲು ಮಾರ್ಗಗಳ ಬಗ್ಗೆ ನಾವು ಇಂದಿಗೂ ಇಷ್ಟು ಮಾತಾಡುವುದಕ್ಕೆ ಆ ಹಳೆಯ ಸಿಟ್ಟೂ ಕಾರಣ.

ವಿಶ್ವೇಶ್ವರಯ್ಯನವರ ಕಾಲದ್ದು ಬೇರೆಯೇ ಬಗೆ. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಾಣಿಜ್ಯ ಮಂಡಳಿ. ಜನರಲ್ಲಿ ಉದ್ಯಮದ ಬುದ್ಧಿ ಹುಟ್ಟಿಸಬೇಕು, ಅದಕ್ಕೆ ತಾಲ್ಲೂಕು ತಾಲ್ಲೂಕಿನಲ್ಲೂ ಸಮಿತಿ ಬೇಕು ಎಂಬುದು ಅವರ ನಂಬಿಕೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ತಾಲ್ಲೂಕು ಸಮಿತಿಯಲ್ಲಿ ಕೂರುತ್ತಿದ್ದವರು ವಕೀಲರು, ಜಮೀನ್ದಾರರು, ಮಂಡಿ ಸಾಹುಕಾರರು. ಹೊಸದೊಂದನ್ನು ಮಾಡಬೇಕೆಂಬ ಉರಿ ಇದ್ದವನು ಸಮಿತಿಯ ಬಾಗಿಲ ಹೊರಗೆ ಚಪ್ಪಲಿ ಕಾಯುತ್ತಿದ್ದಿರಬೇಕು ಅನ್ನುವುದು ನನ್ನ ಊಹೆ.

ನಮ್ಮಪ್ಪ ಹುಣಸೆ ಮರ ಚೇಣಿ ಹಿಡಿಯುತ್ತಿದ್ದರು. ಗದ್ದೆಯ ಬದು, ರಸ್ತೆಯ ಅಂಚು, ಗುಡಿಯ ಹಿಂಭಾಗ, ಎಲ್ಲೆಲ್ಲಿ ಹುಣಸೆ ಮರವಿದೆಯೋ ಅದು ಅವರಿಗೆ ಗೊತ್ತು. ಕಾಯಿ ಇನ್ನೂ ಎಳೆಯದಾಗಿರುವಾಗಲೇ ಮರದ ಸುತ್ತ ಒಂದು ಸಲ ನಡೆದು, ತಲೆಯೆತ್ತಿ ನೋಡಿ, ಇಷ್ಟು ಮಣ ಎಂದು ಮನಸ್ಸಿನಲ್ಲೇ ಕಟ್ಟುತ್ತಿದ್ದರು. ಸುಳಿಗಾಳಿ ಎದ್ದರೆ ಕಾಯಿ ಉದುರುತ್ತದೆ, ಅಕಾಲದ ಮಳೆ ಬಿದ್ದರೆ ಹಣ್ಣು ಕಪ್ಪಾಗುತ್ತದೆ; ಅದೆಲ್ಲ ಚೇಣಿದಾರನ ಹಣೆಬರಹ. ಮರದವನ ಕೈಗೆ ದುಡ್ಡು ಅಂದೇ ಬೀಳಬೇಕು. ಆ ದುಡ್ಡು ನಮ್ಮಪ್ಪನದಲ್ಲ. ಹಿಂದೂಪುರದ ಮಂಡಿಯವರದು. ಅಂದರೆ ಅವರು ಮಂಡಿಯಿಂದ ಮುಂಗಡ ಈಸಿಕೊಳ್ಳುತ್ತಿದ್ದರು, ಮರದವರಿಗೆ ಮುಂಗಡ ಕೊಡುತ್ತಿದ್ದರು. ಎರಡರ ನಡುವೆ ಅವರ ನಿಲುವೇ ಬೇರೆಯಾಗುತ್ತಿತ್ತು. ಮಂಡಿಯ ಗುಮಾಸ್ತನ ಮುಂದೆ ಟವೆಲು ಕಂಕುಳಲ್ಲಿ, ಊರೊಳಗೆ ಅದೇ ಟವೆಲು ಹೆಗಲ ಮೇಲೆ. ಮಾಘ ಫಾಲ್ಗುಣದಲ್ಲಿ ಮರ ಬಡಿಸಿ, ನಮ್ಮ ಅಂಗಳದಲ್ಲಿ ರಾಶಿ ಹಾಕಿದರೆ ಕೇರಿಯ ಹೆಂಗಸರು ಬಂದು ಸಿಪ್ಪೆ ಬಿಡಿಸಿ, ಕುಟ್ಟಿ, ಬೀಜ ತೆಗೆಯುತ್ತಿದ್ದರು. ಬೀಜವನ್ನು ಕಂಬಳಿಯವರು ಒಯ್ಯುತ್ತಿದ್ದರು. ಬೀಜ ಬಿಡಿಸುವವರಿಗೂ ಅಮ್ಮ ಮೊದಲೇ ಒಂದಿಷ್ಟು ರಾಗಿ ಅಳೆದು ಕೊಟ್ಟಿರುತ್ತಿದ್ದಳು. ಇಲ್ಲವಾದರೆ ಅವರು ಇನ್ನೊಬ್ಬರ ಅಂಗಳಕ್ಕೆ ಹೋಗುತ್ತಾರೆ. ಹಿಂದೂಪುರದ ದುಡ್ಡು ಹೀಗೆ ಕವಲೊಡೆದು ಕೇರಿಯ ಕಟ್ಟಕಡೆಯ ಒಲೆಯವರೆಗೂ ಹೋಗುತ್ತಿತ್ತು, ಪ್ರತಿ ಕವಲಿನಲ್ಲೂ ಒಬ್ಬನ ಸ್ವಾತಂತ್ರ್ಯ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿತ್ತು.

ಕಟ್ಟಕಡೆಗೆ ಇದ್ದದ್ದು ಜೀತ. ಮದುವೆಗೋ ತಿಥಿಗೋ ನೂರಿನ್ನೂರು ರೂಪಾಯಿ ಈಸಿಕೊಂಡು ಮಗನನ್ನು ಸಾಹುಕಾರನ ಮನೆಗೆ ಬಿಡುವುದು. ಬಡ್ಡಿ ಕೆಲಸದಲ್ಲಿ ತೀರುತ್ತದೆ, ಅಸಲು ತೀರುವುದಿಲ್ಲ. 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ಜೀತವನ್ನು ರದ್ದು ಮಾಡಿದವು. ದೇವರಾಜ ಅರಸರ ಸರ್ಕಾರ ಅದೇ ವರ್ಷಗಳಲ್ಲಿ ಋಣ ಪರಿಹಾರ ಕಾನೂನನ್ನೂ ತಂದಿತು. ಬಿಡುಗಡೆಯಾದವರು ಆಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಬಂದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ, ಅಂದರೆ ಐಆರ್‌ಡಿಪಿ, 1980ರ ಅಕ್ಟೋಬರ್ 2ರಿಂದ ಎಲ್ಲ ತಾಲ್ಲೂಕುಗಳಿಗೂ ಹರಡಿತು. ನಾನು ಕೆಲಸಕ್ಕೆ ಸೇರಿದ್ದು ಆ ಭರಾಟೆಯಲ್ಲಿ.

ಐಆರ್‌ಡಿಪಿಯಲ್ಲಿ ಸಾಲದ ಒಂದು ಪಾಲು ಸಹಾಯಧನ: ಸಣ್ಣ ರೈತರಿಗೆ ಕಾಲು ಭಾಗ, ಅತಿ ಸಣ್ಣ ರೈತರಿಗೂ ಕೂಲಿಕಾರರಿಗೂ ಮೂರನೇ ಒಂದು, ಪರಿಶಿಷ್ಟರಿಗೆ ಅರ್ಧ. ನಮ್ಮ ಕಡೆ ಬಹುಪಾಲು ಅರ್ಜಿ ಕುರಿಗೆ. ಇಪ್ಪತ್ತು ಕುರಿ, ಒಂದು ಟಗರು. ಎಲ್ಲಕ್ಕೂ ವಿಮೆ, ಕಿವಿಗೆ ಓಲೆ. ಕುರಿ ಸತ್ತರೆ ಓಲೆ ಸಮೇತ ಕಿವಿ ಕತ್ತರಿಸಿ ತಂದು ತೋರಿಸಬೇಕು. ಹೀಗಾಗಿ ಶಾಖೆಯ ಬಾಗಿಲು ತೆರೆಯುವ ಹೊತ್ತಿಗೆ ಮುತ್ತುಗದ ಎಲೆಯಲ್ಲಿ ಕಿವಿ ಕಟ್ಟಿಕೊಂಡು ಬಂದವರು ಜಗಲಿಯಲ್ಲಿ ಕೂತಿರುತ್ತಿದ್ದರು. ಕಿವಿ ಬ್ಯಾಂಕಿನಲ್ಲಿ, ಮಿಕ್ಕ ಕುರಿ ಸಾರಿನಲ್ಲಿ ಎಂದು ನಮ್ಮ ಅಟೆಂಡರು ನಗುತ್ತಿದ್ದ. ಜನಾರ್ದನ ಪೂಜಾರಿಯವರ ಸಾಲ ಮೇಳಗಳನ್ನು ಪೇಟೆಯ ಪತ್ರಿಕೆಗಳು ಗೇಲಿ ಮಾಡಿದ ಕಾಲ ಅದು. ಗೇಲಿಯಲ್ಲಿ ಅರ್ಧ ಸತ್ಯವಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಸಾಹುಕಾರನಲ್ಲದವರಿಂದ ದುಡ್ಡು ಈಸಿಕೊಂಡವನ ಮುಖವನ್ನು ಆ ಪತ್ರಿಕೆಯವರು ನೋಡಿರಲಿಲ್ಲ.

ಅರ್ಜಿ ನಮೂನೆಯಲ್ಲಿ ಉದ್ದೇಶ ಎಂಬ ಕಲಂ ಇರುತ್ತಿತ್ತು. ಅದನ್ನು ಗ್ರಾಮಸೇವಕರು ಕುರಿ ಸಾಕಾಣಿಕೆ, ಟೀ ಹೋಟೆಲ್, ಹೊಲಿಗೆ ಯಂತ್ರ ಎಂದು ತುಂಬಿ ಕಳಿಸುತ್ತಿದ್ದರು. ನಾನು ಬಾಯಿಮಾತಿನಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: ಇದೇ ಯಾಕೆ, ಈಗಲೇ ಯಾಕೆ? ಲಾಭ ಬರ್ತದೆ ಸಾರ್ ಅಂದವರು ಬಹಳ ಕಡಿಮೆ. ಜೀತದಿಂದ ಬಿಡಿಸಿಕೊಂಡು ಬಂದಿದ್ದ ಒಬ್ಬ ನಡುವಯಸ್ಸಿನವನು ಹೇಳಿದ್ದು ಹೀಗೆ: “ಬೆಳಗ್ಗೆ ಎದ್ದಾಗ ಇವತ್ ಎಲ್ಲಿಗೋಗ್ಬೇಕು ಅಂತ ನಾನೇ ಯೇಳ್ಕಬೇಕು ಸ್ವಾಮಿ, ಅಷ್ಟೇಯ.” ಕೊರಟಗೆರೆ ಕಡೆಯ ಒಬ್ಬ ವಿಧವೆ ಹೊಲಿಗೆ ಯಂತ್ರ ಕೇಳಿದ್ದು ಮೈದುನನ ಹತ್ತಿರ ಮಗಳ ಸ್ಕೂಲು ಫೀಜಿಗೆ ಕೈಚಾಚುವುದು ತಪ್ಪಲಿ ಎಂದು. ಕಳ್ಳಂಬೆಳ್ಳದ ಹತ್ತಿರ ಹೆದ್ದಾರಿ ಬದಿಯಲ್ಲಿ ಟೀ ಹೋಟೆಲು ಇಡಲು ಬಂದ ಹುಡುಗನ ಕಾರಣ ಇನ್ನೂ ಸರಳ: ಅವನ ಷಡ್ಡಕ ಇಟ್ಟಿದ್ದಾನೆ, ಹಬ್ಬಕ್ಕೆ ಹೋದರೆ ಹೆಂಡತಿ ಮನೆಯವರು ಅವನಿಗೆ ಮೊದಲು ಎಲೆ ಹಾಕುತ್ತಾರೆ.

ನಗಬೇಡಿ, ಈ ಷಡ್ಡಕನ ಪ್ರಭಾವವನ್ನು ಯಾವ ಯೋಜನೆಯೂ ಲೆಕ್ಕಕ್ಕೆ ತಂದುಕೊಂಡದ್ದು ಕಾಣೆ. ದೂರದ ದೊಡ್ಡ ಶ್ರೀಮಂತನನ್ನು ನೋಡಿ ಅಂಗಡಿ ತೆರೆದವರನ್ನು ನಾನು ಕಂಡಿಲ್ಲ. ತನ್ನಷ್ಟೇ ಓದಿದ, ತನ್ನಷ್ಟೇ ಜಮೀನಿರುವ, ತನಗಿಂತ ಸ್ವಲ್ಪ ಪೆದ್ದನೆಂದು ತಾನು ತಿಳಿದಿರುವ ಒಬ್ಬ ನೆಂಟ ಅಂಗಡಿ ಇಟ್ಟು ಬದುಕಿದ್ದನ್ನು ನೋಡಿದಾಗ ಮನುಷ್ಯನಿಗೆ ಧೈರ್ಯ ಬರುತ್ತದೆ. ಹಾಸನ ಜಿಲ್ಲೆಯ ಅಯ್ಯಂಗಾರರ ಬೇಕರಿಗಳು, ಉಡುಪಿಯವರ ಹೋಟೆಲುಗಳು ಹಬ್ಬಿದ್ದೂ ಹೀಗೇ: ಒಬ್ಬ ನೆಂಟ ಮೊದಲು ಹೋದ, ಅವನ ಹತ್ತಿರ ಕೆಲಸ ಕಲಿತವನು ಮುಂದಿನ ಬೀದಿಯಲ್ಲಿ ತನ್ನದನ್ನು ತೆರೆದ.

ಒಮ್ಮೆ ನಮಗೆ ತರಬೇತಿ ಏರ್ಪಾಡಾಗಿದ್ದಾಗ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಆಂಧ್ರದ ಕಾಕಿನಾಡದಲ್ಲಿ ಮಾಡಿದ ಪ್ರಯೋಗದ ಬಗ್ಗೆ ಪಾಠ ಮಾಡಿದರು. 1964ರಲ್ಲಿ ಅಲ್ಲಿಯ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿನ ಸಂಸ್ಥೆಗೆ ಕರೆಸಿ, ಸಾಧಿಸಬೇಕೆಂಬ ಹಂಬಲವನ್ನು ತರಬೇತಿಯಿಂದಲೇ ಬೆಳೆಸಬಹುದೇ ಎಂದು ನೋಡಿದ್ದರಂತೆ. ಚಿತ್ರ ತೋರಿಸಿ ಕಥೆ ಬರೆಸುವುದು, ತಮ್ಮ ಗುರಿ ತಾವೇ ಬರೆದಿಡುವುದು, ಇಂಥವು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚಟುವಟಿಕೆ ತೋರಿಸಿದರು, ಜಾತಿ ಸಂಪ್ರದಾಯಗಳು ಅದಕ್ಕೆ ಅಡ್ಡಿಯಾದಂತೆ ಕಾಣಲಿಲ್ಲ ಎಂಬುದು ಫಲಿತಾಂಶ. ಹಿಂದೂಗಳಿಗೆ ಕರ್ಮಸಿದ್ಧಾಂತದಿಂದ ವ್ಯಾಪಾರಬುದ್ಧಿ ಬರುವುದಿಲ್ಲ ಎಂಬ ಹಳೆಯ ಹರಟೆಗೆ ಇದು ಒಳ್ಳೆಯ ಏಟು, ಅಷ್ಟರಮಟ್ಟಿಗೆ ನನಗೆ ಒಪ್ಪಿಗೆ. ಆದರೆ ಕಾಕಿನಾಡದವರು ಬಹುತೇಕ ಆಗಲೇ ಅಂಗಡಿ ಇದ್ದವರು, ಊರು ಬಂದರು. ಹಂಬಲವಿದ್ದೂ ಮುಂದಿನ ವಾರದ ರಾಗಿಗೆ ಇನ್ನೊಬ್ಬನ ಮುಖ ನೋಡುವವನಿಗೆ ಯಾವ ಚಿತ್ರ ತೋರಿಸಿ ಯಾವ ಕಥೆ ಬರೆಸುವುದು? ಅದಕ್ಕಿಂತ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ನನಗೆ ಮೆಚ್ಚುಗೆಯಾಯಿತು. ಧರ್ಮಸ್ಥಳದ ಹೆಗ್ಗಡೆಯವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ನಡೆಸಿದ ಈ ಸಂಸ್ಥೆ ಹಳ್ಳಿಯ ಹುಡುಗರಿಗೆ ಊಟ ವಸತಿ ಕೊಟ್ಟು ಪುಕ್ಕಟೆ ಕಸುಬು ಕಲಿಸಿತು, ಕಲಿತು ಹೋದವರ ಬೆನ್ನು ಹತ್ತಿ ವಿಚಾರಿಸಿಕೊಂಡಿತು. ಅಲ್ಲಿ ಕಲಿಯುವಷ್ಟು ದಿನವಾದರೂ ಹೊಟ್ಟೆಯ ಚಿಂತೆ ಇಲ್ಲ.

ಪಾವಗಡ, ಶಿರಾಗಳ ಶೇಂಗಾ ಕಾಲವನ್ನು ಹೇಳದೆ ಬಿಡಲಾಗದು. 1986ರಲ್ಲಿ ಕೇಂದ್ರದ ಎಣ್ಣೆಬೀಜ ಮಿಷನ್ ಬಂದ ಮೇಲೆ ಶೇಂಗಾಕ್ಕೆ ಬೆಲೆ ಬಂತು. ಪಕ್ಕದ ಚಳ್ಳಕೆರೆ ಎಣ್ಣೆ ನಗರ ಎನಿಸಿಕೊಂಡಿತು. ನಮ್ಮಲ್ಲೂ ಕಾಯಿ ಒಡೆಯುವ ಯಂತ್ರ, ಎಣ್ಣೆ ಮಿಲ್ಲು ಹಾಕಿದವರಿದ್ದರು. ಅವರಲ್ಲಿ ಕೆಲವರ ತಂದೆಯರು ಮಂಡಿಯಲ್ಲಿ ಹಮಾಲರಾಗಿದ್ದವರು. ಮಿಲ್ಲು ಹಾಕಿದ ಮರುವರ್ಷವೇ ರೈತರಿಗೆ ಬಿತ್ತನೆ ಬೀಜಕ್ಕೆ ದುಡ್ಡು ಕೊಟ್ಟು, ಬೆಳೆ ನಮಗೇ ಹಾಕಬೇಕು ಎಂದು ಕರಾರು ಮಾಡಿಕೊಳ್ಳುತ್ತಿದ್ದರು. ಮುಂಗಡದ ನೋವು ಉಂಡವನು ಇನ್ನೊಬ್ಬರಿಗೆ ಅದನ್ನು ಬಡಿಸಲಾರ ಎಂದು ಯಾರಾದರೂ ತಿಳಿದಿದ್ದರೆ ಅವರು ಪಾವಗಡಕ್ಕೆ ಬಂದವರಲ್ಲ. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ಪಾಮೊಲಿನ್ ಮುಂದೆ ಶೇಂಗಾ ಎಣ್ಣೆ ನಿಲ್ಲಲಿಲ್ಲ, ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ರೈತರ ಹತ್ತಿರ ಸಿಕ್ಕಿಕೊಂಡಿದ್ದ ಮುಂಗಡವೂ ಮುಳುಗಿತು. ಶೆಡ್ಡುಗಳು ಕೆಲವು ಕಡೆ ಕಲ್ಯಾಣ ಮಂಟಪಗಳಾದವು.

ಹೆದ್ದಾರಿ ನಾಲ್ಕು ಪಥವಾದ ಮೇಲಿನ ಕಥೆ ಎಲ್ಲರ ಕಣ್ಣ ಮುಂದಿದೆ. ರೈಲು ಮರೆತ ಶಿರಾವನ್ನು ಬೆಂಗಳೂರು–ಪುಣೆ ರಸ್ತೆ ಮತ್ತೆ ಕೈಹಿಡಿಯಿತು. ಪಂಕ್ಚರ್ ಅಂಗಡಿ, ಡಾಬಾ, ಎಳನೀರು, ಟಯರು, ಲಾರಿ ಕ್ಯಾಬಿನ್ನಿಗೆ ಬಣ್ಣ. ಬೈಪಾಸ್ ಆದಾಗ ಊರೊಳಗಿನ ಹೋಟೆಲುಗಳು ಸೊರಗಿದವು, ಚುರುಕಿನವರು ಬೈಪಾಸಿಗೆ ಹೊರಟರು. ಪಾವಗಡದಲ್ಲಿ 2018ರಿಂದ ಸೋಲಾರ್ ಪಾರ್ಕು ವಿದ್ಯುತ್ ಕೊಡುತ್ತಿದೆ; 13,000 ಎಕರೆ, 2,050 ಮೆಗಾವಾಟ್. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ಹೆಚ್ಚು ಜಮೀನಿದ್ದವರಿಗೆ ಕಾಯುವ ಶಕ್ತಿ ಬಂತು. ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ, ಕುರಿ ಬಿಡಲು ಬಯಲೂ ಇಲ್ಲ. ಅಲ್ಲಿಂದ ಹೊಸ ಅಂಗಡಿ ತೆರೆಯುವವರು ಯಾರು ಎಂದು ಕೇಳಿದರೆ ನಾನು ಜಮೀನಿದ್ದವರ ಮಕ್ಕಳ ಕಡೆ ಬೆರಳು ತೋರಿಸುವುದಿಲ್ಲ. ನಿಶ್ಚಿಂತೆಯಿಂದ ಬರುವ ದುಡ್ಡು ಮನೆ ಕಟ್ಟಿಸುತ್ತದೆ, ಕಾರು ಕೊಡಿಸುತ್ತದೆ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುವುದಿಲ್ಲ.

ನಿವೃತ್ತಿಯಾದ ಮೇಲೆ ನನ್ನ ಹತ್ತಿರ ಬರುವವರು ಅರ್ಜಿ ತುಂಬಿಸಿಕೊಳ್ಳುವವರು. ಹೋದ ವರ್ಷ ನಮ್ಮ ಕಡೆಯ ಒಂದು ಸ್ತ್ರೀಶಕ್ತಿ ಸಂಘದವರು ಬಂದಿದ್ದರು. ಹುಣಸೆ ಬೀಜ ತೆಗೆದು ತೆಗೆದು ಉಗುರು ಕಪ್ಪಾದ ಹೆಂಗಸರು. ಈ ಸಲ ಮರ ನಾವೇ ಚೇಣಿ ಹಿಡೀತೀವಿ ಅಣ್ಣಾ, ಬೀಜ ತೆಗೆಯೋ ಕೂಲಿ ನಮ್ಮಲ್ಲೇ ಉಳೀತದೆ, ಹಣ್ಣು ತುಮಕೂರಿಗೆ ನಾವೇ ಹಾಕ್ತೀವಿ ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ಯಾವ ಮರ, ಎಷ್ಟು ಮಣ, ಮರದವನು ಎಷ್ಟು ಕೇಳುತ್ತಾನೆ, ಎಲ್ಲ ಒಬ್ಬಳ ನೋಟ್‌ಬುಕ್ಕಿನಲ್ಲಿ. ನಾನು ಅರ್ಜಿ ಬರೆದುಕೊಟ್ಟೆ, ಒಂದು ಬ್ಯಾಂಕಿಗೆ ಹಾಕಿದರು. ಅದು ಕಾರ್ತಿಕ ಮಾಸ. ಮರದ ಮಾತುಕತೆ ನಡೆಯುವುದು ಆಗಲೇ. ಬ್ಯಾಂಕಿನವರು ಪಹಣಿ ಕೇಳಿದರು, ಆಮೇಲೆ ಕೊಟೇಷನ್ ಕೇಳಿದರು. ಕಾಯಿ ಬಲಿಯುತ್ತಿರುವ ಮರಕ್ಕೆ ಕೊಟೇಷನ್ ಯಾವ ಅಂಗಡಿಯವನು ಕೊಡುತ್ತಾನೆ? ಸಾಲ ಮಂಜೂರಾದ ಕಾಗದ ಕೈಗೆ ಸಿಗುವ ಹೊತ್ತಿಗೆ ಶಿವರಾತ್ರಿ ಕಳೆದಿತ್ತು, ಮರಗಳೆಲ್ಲ ಬೋಳಾಗಿದ್ದವು. ಸುಗ್ಗಿ ಮುಗಿಯುವ ತನಕ ಅವರು ಹಳೆಯ ಅಂಗಳಗಳಲ್ಲೇ ಕೂಲಿಗೆ ಕೂತರು. ಮಂಡಿಯವನು ದೀಪಾವಳಿಯ ಮರುದಿನ ರಾತ್ರಿಯೇ ಬಂದು, ಒಂದು ಕಾಗದವನ್ನೂ ಕೇಳದೆ, ಬೇರೆ ಚೇಣಿದಾರರಿಗೆ ದುಡ್ಡು ಎಣಿಸಿಕೊಟ್ಟು ಹೋಗಿದ್ದ.

ಮಂಜೂರಾದ ಸಾಲವನ್ನು ಅವರು ವಾಪಸು ಮಾಡಿಲ್ಲ. ಅದರಲ್ಲಿ ಒಂದಿಷ್ಟನ್ನು ಸಂಘದ ಖಾತೆಯಲ್ಲಿ ಹಾಗೇ ಇಟ್ಟುಕೊಂಡು, ಬಡ್ಡಿ ಕಟ್ಟುತ್ತ ಬರುವ ಕಾರ್ತಿಕಕ್ಕೆ ಕಾಯುತ್ತಿದ್ದಾರೆ. ಬಡ್ಡಿ ದಂಡ ಅಲ್ಲವೇನ್ರಮ್ಮ ಎಂದು ನಾನು ಬ್ಯಾಂಕಿನವನ ಬುದ್ಧಿಯಲ್ಲಿ ಕೇಳಿದೆ. ನೋಟ್‌ಬುಕ್ಕಿನವಳು, “ಮಂಡಿಯೋರು ಕಾಯಾಕೆ ದುಡ್ಡು ಹಾಕ್ತಾರಲ್ಲಣ್ಣ, ನಾವೂ ಹಾಕ್ತಾ ಇದೀವಿ” ಅಂದಳು. ಎಂಟು ಮರದವರಿಗೆ ಆಗಲೇ ಐನೂರು ಐನೂರು ಕೊಟ್ಟು ಬಾಯಿಮಾತು ಮಾಡಿಕೊಂಡಿದ್ದಾರೆ.